ಕೃಷಿ ವ್ಯಾಪಾರ ನೀತಿಯಲ್ಲಿ ಸಂಶೋಧನಾ ವೃತ್ತಿ: ನಾಲ್ಕು ದಾರಿಗಳಲ್ಲಿ ನಿಮಗೆ ಒಗ್ಗುವುದು ಯಾವುದು?

ಕೃಷಿ ಅರ್ಥಶಾಸ್ತ್ರ ಓದಿ, ಅಂತರರಾಷ್ಟ್ರೀಯ ವ್ಯಾಪಾರ ನೀತಿಯ ಮೇಲೆ ಪಿಎಚ್‌ಡಿ ಮಾಡಲು ಹೊರಡುವವರು ಸಾಮಾನ್ಯವಾಗಿ ಮೊದಲು ವಿಷಯ ಆರಿಸಿಕೊಳ್ಳುತ್ತಾರೆ: ಸಕ್ಕರೆ, ಹಾಲು, ಹತ್ತಿ, ಇಲ್ಲವೇ ಯಾವುದೋ ಒಂದು ಮುಕ್ತ ವ್ಯಾಪಾರ ಒಪ್ಪಂದ. ವಿಷಯ ಮುಂದೆ ಹಲವು ಸಲ ಬದಲಾಗುತ್ತದೆ. ಇಪ್ಪತ್ತು ವರ್ಷ ಜೊತೆಗೇ ಉಳಿಯುವುದು ಕಲಿತ ವಿಧಾನ. ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲಿರಿ, ಯಾವ ಪತ್ರಿಕೆಗಳು ನಿಮ್ಮ ಪ್ರಬಂಧ ತೆಗೆದುಕೊಳ್ಳುತ್ತವೆ, ಯಾವ ಹುದ್ದೆಗೆ ಸಂದರ್ಶನದ ಕರೆ ಬರುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ ಹೋಲಿಸುತ್ತಿರುವುದು ವಿಧಾನಗಳನ್ನು.

ಮುಖ್ಯ ದಾರಿಗಳು ನಾಲ್ಕು. ನಡೆದುಹೋದ ವ್ಯಾಪಾರದ ಅಂಕಿಗಳಿಂದ ನೀತಿಯ ಪರಿಣಾಮ ಅಳೆಯುವ ಗ್ರಾವಿಟಿ ಮಾದರಿ ಒಂದು. ಇನ್ನೂ ಜಾರಿಯಾಗದ ನೀತಿ ಇಡೀ ಆರ್ಥಿಕತೆಯ ಮೇಲೆ ಏನು ಮಾಡೀತು ಎಂದು ಲೆಕ್ಕ ಹಾಕುವ ಸಾಮಾನ್ಯ ಸಮತೋಲನ ಮಾದರಿ, ಎಲ್ಲರ ಬಾಯಲ್ಲೂ ಸಿಜಿಇ, ಎರಡನೆಯದು. ಬೆಲೆ ಬದಲಾದರೆ ಯಾವ ಮನೆಗೆ ಲಾಭ, ಯಾವ ಮನೆಗೆ ನಷ್ಟ ಎಂದು ಕುಟುಂಬ ಸಮೀಕ್ಷೆಗಳಿಂದ ನೋಡುವುದು ಮೂರನೆಯದು. ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ನಿಯಮ, ದೇಶಗಳು ಅದಕ್ಕೆ ಕೊಡುವ ಅಧಿಸೂಚನೆ, ವ್ಯಾಜ್ಯಗಳನ್ನು ಅರ್ಥಶಾಸ್ತ್ರದ ಲೆಕ್ಕದೊಂದಿಗೆ ಓದುವುದು ನಾಲ್ಕನೆಯದು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕೃಷಿ ವ್ಯಾಪಾರದಲ್ಲಿ ಗಟ್ಟಿಯಾಗಿ ನಿಂತಿರುವವರು ಅಂದಾಜಿನ ತಂತ್ರ ಮಾತ್ರ ಬಲ್ಲವರಲ್ಲ. ನೀತಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅದರ ಸಾಲು ಸಾಲು ಓದಿ ತಿಳಿದವರು. ದಾರಿ ಯಾವುದೇ ಆಗಲಿ, ಸುಂಕದ ಪಟ್ಟಿ ಓದಲು ಬಾರದಿದ್ದರೆ ಮಾದರಿಗೆ ಹಾಕುವ ಅಂಕಿಯೇ ತಪ್ಪಾಗುತ್ತದೆ.

ಮೊದಲು ಎಲ್ಲರಿಗೂ ಬೇಕಾದದ್ದು

1995ರ ಜನವರಿ 1ರಿಂದ ಜಾರಿಯಲ್ಲಿರುವ ಡಬ್ಲ್ಯುಟಿಒ ಕೃಷಿ ಒಪ್ಪಂದಕ್ಕೆ ಕೃಷಿ ಎಂದರೆ ಏನು ಎಂಬುದು ಅದರ ಮೊದಲ ಅನುಬಂಧದಲ್ಲಿದೆ: ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಎಚ್‌ಎಸ್ ಸಂಕೇತದ 1ರಿಂದ 24ನೇ ಅಧ್ಯಾಯಗಳು, ಅವುಗಳಲ್ಲಿ ಮೀನು ಮತ್ತು ಮೀನಿನ ಉತ್ಪನ್ನಗಳನ್ನು ಬಿಟ್ಟು, ಜೊತೆಗೆ ಹಸಿ ಹತ್ತಿ, ಉಣ್ಣೆ, ಚರ್ಮದಂಥ ಕೆಲವು ಆಚೆಯ ಸಾಲುಗಳು. 1ರಿಂದ 24 ಎಂದಷ್ಟೇ ತೆಗೆದುಕೊಂಡರೆ ಮೀನು ಒಳಗೆ ಬರುತ್ತದೆ, ಹತ್ತಿ ಹೊರಗೆ ಉಳಿಯುತ್ತದೆ. ಪರಿಶೀಲಕರ ಕೈಯಲ್ಲಿ ಸಿಕ್ಕಿಬೀಳುವ ಮೊದಲ ತಪ್ಪುಗಳಲ್ಲಿ ಇದೊಂದು.

ಮುಂದಿನದು ಮಿತಿ ಸುಂಕಕ್ಕೂ ಜಾರಿ ಸುಂಕಕ್ಕೂ ಇರುವ ಅಂತರ. ಒಂದು ದೇಶ ಡಬ್ಲ್ಯುಟಿಒದಲ್ಲಿ 100 ಶೇಕಡಾಕ್ಕೆ ಮಿತಿ ಕಟ್ಟಿಕೊಂಡು ಬಂದರಿನಲ್ಲಿ 30 ಶೇಕಡಾ ಮಾತ್ರ ವಸೂಲಿ ಮಾಡುತ್ತಿರಬಹುದು. ಮಾತುಕತೆಯಲ್ಲಿ ಮಿತಿಯನ್ನು 60ಕ್ಕೆ ಇಳಿಸಿದರೂ ವ್ಯಾಪಾರದ ಮೇಲೆ ನೇರ ಪರಿಣಾಮ ಶೂನ್ಯ. ಬದಲಾಗುವುದು ಮುಂದೆ ಸುಂಕ ಏರೀತೆಂಬ ಅನಿಶ್ಚಿತತೆ ಮಾತ್ರ.

ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ಸುಂಕದ ಕೋಟಾ. ಒಂದು ಸರಕಿಗೆ ವರ್ಷಕ್ಕೆ 1 ಲಕ್ಷ ಟನ್ ಕೋಟಾ ಇದೆ ಎಂದುಕೊಳ್ಳಿ; ಕೋಟಾದೊಳಗೆ ಸುಂಕ 10 ಶೇಕಡಾ, ಆಚೆಗೆ 80 ಶೇಕಡಾ. ಆಮದು 70,000 ಟನ್‌ಗೆ ನಿಂತರೆ ದೇಶದೊಳಗಿನ ಬೆಲೆ ಜಾಗತಿಕ ಬೆಲೆಗಿಂತ 10 ಶೇಕಡಾ ಮೇಲೆ. 1,20,000 ಟನ್ ಬಂದರೆ ಬೆಲೆ ನಿರ್ಧರಿಸುವುದು 80 ಶೇಕಡಾ. ಮೊದಲ ಲಕ್ಷ ಟನ್ ಮೇಲಿನ 70 ಶೇಕಡಾ ವ್ಯತ್ಯಾಸ ಪರವಾನಗಿ ಪಡೆದವರ ಜೇಬಿಗೆ ಹೋಗುತ್ತದೆ. ಸರಿಯಾಗಿ 1 ಲಕ್ಷಕ್ಕೆ ನಿಂತರೆ ಬೆಲೆ ಎರಡರ ನಡುವೆ ಎಲ್ಲಾದರೂ ಇರಬಹುದು, ಅದನ್ನು ಬೇಡಿಕೆಯಿಂದಲೇ ಕಂಡುಹಿಡಿಯಬೇಕು. ಎರಡೂ ಸುಂಕಗಳ ಸರಾಸರಿಯಾದ 45 ಶೇಕಡಾಕ್ಕೆ ಇವುಗಳಲ್ಲಿ ಮೊದಲ ಎರಡು ಸಂದರ್ಭಗಳಲ್ಲಿ ಅರ್ಥವೇ ಇಲ್ಲ, ಮೂರನೆಯದರಲ್ಲಿ ಹೊಂದಿದರೆ ಅದು ಆಕಸ್ಮಿಕ. ಆದರೂ ಎಷ್ಟೋ ಪ್ರಬಂಧಗಳು ಇಳಿಸಿಕೊಂಡ ಕಡತದಲ್ಲಿದ್ದ ಸರಾಸರಿಯನ್ನೇ ಬಳಸಿರುತ್ತವೆ.

ಕಿಲೋಗೆ ಇಷ್ಟು ಎಂದು ಕಟ್ಟುವ ಸುಂಕಗಳೂ ಕೃಷಿಯಲ್ಲಿ ಹೆಚ್ಚು. ಅವನ್ನು ಶೇಕಡಾಕ್ಕೆ ಪರಿವರ್ತಿಸಿದರೆ ಜಾಗತಿಕ ಬೆಲೆ ಬಿದ್ದಾಗ ಶೇಕಡಾವಾರು ತಾನಾಗಿ ಏರುತ್ತದೆ, ಸರ್ಕಾರ ಏನೂ ಮಾಡದಿದ್ದರೂ. ಅದನ್ನು ನೀತಿಯ ಬದಲಾವಣೆ ಎಂದು ಓದಿಕೊಂಡರೆ ಇಡೀ ತೀರ್ಮಾನ ತಲೆಕೆಳಗಾಗುತ್ತದೆ.

ಗ್ರಾವಿಟಿ: ಬೇಗ ಕೈಗೆಟುಕುತ್ತದೆ, ಪೈಪೋಟಿ ಹೆಚ್ಚು

ದೊಡ್ಡ ಆರ್ಥಿಕತೆಗಳ ನಡುವೆ ವ್ಯಾಪಾರ ಹೆಚ್ಚು, ದೂರ ಹೆಚ್ಚಿದಂತೆ ಕಡಿಮೆ ಎಂಬ ಸರಳ ಸಮೀಕರಣವನ್ನು ಯಾನ್ ಟಿನ್‌ಬರ್ಗನ್ 1962ರಲ್ಲೇ ಬಳಸಿದ್ದರು. ಇಂದಿನ ಸ್ವರೂಪ ಬಂದದ್ದು ಎರಡು ಪ್ರಬಂಧಗಳಿಂದ. 2003ರಲ್ಲಿ ಆಂಡರ್ಸನ್ ಮತ್ತು ವಾನ್ ವಿಂಕೂಪ್, ಎರಡು ದೇಶಗಳ ನಡುವಿನ ಅಡೆತಡೆಯ ಜೊತೆಗೆ ಆ ಎರಡೂ ದೇಶಗಳಿಗೆ ಉಳಿದ ಜಗತ್ತಿನೊಂದಿಗೆ ಇರುವ ಅಡೆತಡೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ತೋರಿಸಿದರು. 2006ರಲ್ಲಿ ಸಾಂತೋಸ್ ಸಿಲ್ವಾ ಮತ್ತು ತೆನ್ರೇರೊ, ಲಾಗರಿದಮ್ ತೆಗೆದು ಅಂದಾಜು ಮಾಡುವ ಹಳೆಯ ರೂಢಿ ಏಕೆ ತಪ್ಪು ಫಲಿತಾಂಶ ಕೊಡುತ್ತದೆ ಎಂದು ತೋರಿಸಿ ಪಾಯ್ಸಾನ್ ವಿಧಾನ, ಅಂದರೆ ಪಿಪಿಎಂಎಲ್, ಮುಂದಿಟ್ಟರು.

ಕೃಷಿಗೆ ಈ ಎರಡನೆಯದು ಇನ್ನೂ ಮುಖ್ಯ. ಆರು ಅಂಕಿಯ ಎಚ್‌ಎಸ್ ಮಟ್ಟಕ್ಕೆ ಇಳಿದರೆ ಬಹುಪಾಲು ದೇಶಜೋಡಿಗಳ ನಡುವೆ ಬಹುಪಾಲು ಸರಕುಗಳ ವ್ಯಾಪಾರ ಸೊನ್ನೆ. ಸೊನ್ನೆಗೆ ಲಾಗರಿದಮ್ ಇಲ್ಲ, ಹಾಗಾಗಿ ಆ ಸಾಲುಗಳು ಸದ್ದಿಲ್ಲದೆ ಉದುರಿಹೋಗುತ್ತವೆ. ಒಂದು ಆರೋಗ್ಯ ನಿಯಮ ಆಮದನ್ನು ಪೂರ್ತಿ ನಿಲ್ಲಿಸಿದ್ದರೆ ನಿಮಗೆ ಬೇಕಾದ ಸಾಕ್ಷ್ಯವೇ ಉದುರಿದ ಸಾಲಿನಲ್ಲಿತ್ತು. ಎಲ್ಲದಕ್ಕೂ 1 ಕೂಡಿಸಿ ಲಾಗ್ ತೆಗೆಯುವುದು ಪರಿಹಾರವಲ್ಲ. ಮೌಲ್ಯವನ್ನು ಡಾಲರ್‌ನಿಂದ ಸಾವಿರ ಡಾಲರ್‌ಗೆ ಬದಲಿಸಿದರೆ ಸಾಕು, ಉತ್ತರವೂ ಬದಲಾಗುತ್ತದೆ.

ಈಗಿನ ರೂಢಿ ಹೀಗಿದೆ: ಪಿಪಿಎಂಎಲ್, ರಫ್ತುದಾರ-ವರ್ಷ, ಆಮದುದಾರ-ವರ್ಷ ಮತ್ತು ದೇಶಜೋಡಿಯ ಸ್ಥಿರ ಪರಿಣಾಮಗಳು (ಆಯಾ ಗುಂಪಿಗೆ ಒಟ್ಟಾಗಿ ಅನ್ವಯಿಸುವುದನ್ನೆಲ್ಲ ಹೀರಿಕೊಳ್ಳುವ ಚಲಕಗಳು), ದೋಷದ ಅಂದಾಜನ್ನು ದೇಶಜೋಡಿಯ ಮಟ್ಟದಲ್ಲಿ ಗುಂಪು ಮಾಡುವುದು. ಸ್ಟೇಟಾ ತಂತ್ರಾಂಶದ ಪಿಪಿಎಂಎಲ್‌ಎಚ್‌ಡಿಎಫ್‌ಇ ಅಥವಾ ಆರ್‌ನ ಫಿಕ್ಸೆಸ್ಟ್ ಇದ್ದರೆ ಲಕ್ಷಾಂತರ ಸಾಲುಗಳೂ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡುತ್ತವೆ. ದತ್ತಾಂಶ ವಿಶ್ವಸಂಸ್ಥೆಯ ಕಾಮ್‌ಟ್ರೇಡ್‌ನಲ್ಲಿದೆ. ಅದರ ಆಮದು ವರದಿ ಮತ್ತು ರಫ್ತು ವರದಿಗಳನ್ನು ಹೊಂದಿಸಿದ ರೂಪ ಫ್ರಾನ್ಸ್‌ನ ಸೆಪಿ ಸಂಶೋಧನಾ ಸಂಸ್ಥೆಯ ಬಾಸಿ ಕಡತದಲ್ಲಿ ಉಚಿತವಾಗಿ ಸಿಗುತ್ತದೆ. ಕಚ್ಚಾ ಕಾಮ್‌ಟ್ರೇಡನ್ನೇ ಬಳಸುವುದಾದರೆ ಆಮದುದಾರರ ವರದಿ ಹಿಡಿಯಿರಿ. ಸುಂಕ ವಸೂಲಿಯಾಗುವುದು ಅಲ್ಲಿ, ಆದ್ದರಿಂದ ಕಸ್ಟಮ್ಸ್ ಎಚ್ಚರವಾಗಿರುತ್ತದೆ. ಎಚ್‌ಎಸ್ ಸಂಕೇತ 2002, 2007, 2012, 2017, 2022ರಲ್ಲಿ ಪರಿಷ್ಕೃತವಾಗಿದೆ ಎಂಬುದೂ ನೆನಪಿರಲಿ. ಸಂಕೇತ ಒಡೆದ ವರ್ಷ ಒಂದು ಸರಕಿನ ವ್ಯಾಪಾರ ಏಕಾಏಕಿ ಕುಸಿದಂತೆ ಕಾಣುತ್ತದೆ.

ಈಗ ಆಳವಾದ ಗುಂಡಿ. ಆಮದುದಾರ-ವರ್ಷದ ಸ್ಥಿರ ಪರಿಣಾಮ ಹಾಕಿದೊಡನೆ, ಎಲ್ಲ ದೇಶಗಳಿಗೂ ಒಂದೇ ಆಗಿರುವ ಸುಂಕ, ದೇಶೀಯ ಬೆಂಬಲ ಬೆಲೆ, ಎಲ್ಲರಿಗೂ ಅನ್ವಯಿಸುವ ಗುಣಮಟ್ಟದ ನಿಯಮ ಇವೆಲ್ಲ ಅದರೊಳಗೆ ಕರಗಿಹೋಗುತ್ತವೆ. ಅಂದರೆ ಕೃಷಿ ನೀತಿಯ ಮುಖ್ಯ ಭಾಗವನ್ನೇ ಅಳೆಯಲಾಗದು. ಬಿಡಿಸಿಕೊಳ್ಳುವ ದಾರಿ ಇದೆ: ದೇಶ ತನ್ನೊಂದಿಗೆ ತಾನೇ ಮಾಡುವ ವ್ಯಾಪಾರವನ್ನೂ ಸಾಲಾಗಿ ಸೇರಿಸುವುದು. ಆಗ ವಿದೇಶಿ ಸರಕಿಗೂ ಸ್ವದೇಶಿ ಸರಕಿಗೂ ಇರುವ ವ್ಯತ್ಯಾಸದಿಂದ ನೀತಿಯ ಪರಿಣಾಮ ಹೊರಬರುತ್ತದೆ. ದೇಶೀಯ ವ್ಯಾಪಾರ ಎಂದರೆ ಒಟ್ಟು ಉತ್ಪಾದನೆಯ ಮೌಲ್ಯದಿಂದ ರಫ್ತು ಕಳೆದದ್ದು. ಹೇಳುವಷ್ಟು ಸುಲಭವಲ್ಲ. ತಾನು ಬೆಳೆಯದ ಕೋಕೋವನ್ನು ತರಿಸಿ ಮರುರಫ್ತು ಮಾಡುವ ನೆದರ್‌ಲ್ಯಾಂಡ್ಸ್‌ನಂಥ ದೇಶಕ್ಕೆ ಉತ್ತರ ಋಣಾತ್ಮಕ ಬರುತ್ತದೆ. ಅಂಥ ಸಾಲುಗಳನ್ನು ಸೊನ್ನೆ ಮಾಡಿ ಮುಂದೆ ಹೋಗಬೇಡಿ; ಮರುರಫ್ತು ತೆಗೆದು ಮತ್ತೆ ಲೆಕ್ಕ ಮಾಡಿ, ಆಗಲೂ ಸರಿಹೋಗದಿದ್ದರೆ ಆ ದೇಶ-ಸರಕನ್ನು ಕೈಬಿಟ್ಟು ಕೈಬಿಟ್ಟದ್ದನ್ನು ಬರೆಯಿರಿ. ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗದ ಐಟಿಪಿಡಿ-ಇ ಕಡತದಲ್ಲಿ ದೇಶೀಯ ವ್ಯಾಪಾರ ಸೇರಿಸಿಯೇ ಕೊಟ್ಟಿರುವುದರಿಂದ ಅಲ್ಲಿಂದ ಶುರು ಮಾಡುವುದು ಜಾಣತನ.

ಇನ್ನೊಂದು, ಸುಂಕದ ಕಡತದಲ್ಲಿ ಮಾಹಿತಿ ಇಲ್ಲದ ಖಾನೆಯನ್ನು ತಂತ್ರಾಂಶ ಸೊನ್ನೆ ಎಂದು ಓದಿಕೊಂಡರೆ ನಿಮ್ಮ ಮಾದರಿಯಲ್ಲಿ ಆ ದೇಶ ಮುಕ್ತ ವ್ಯಾಪಾರಿಯಾಗಿಬಿಡುತ್ತದೆ.

ಯಾರಿಗೆ ಒಗ್ಗುತ್ತದೆ? ಒಂಟಿಯಾಗಿ ಕೆಲಸ ಮಾಡಬೇಕಾದವರಿಗೆ, ದೊಡ್ಡ ತಂಡವಿಲ್ಲದ ವಿಭಾಗದಲ್ಲಿರುವವರಿಗೆ, ಎಕನಾಮೆಟ್ರಿಕ್ಸ್ ಚೆನ್ನಾಗಿ ಬರುವವರಿಗೆ. ತೊಂದರೆ ಎಂದರೆ ಇದೇ ದತ್ತಾಂಶ, ಇದೇ ಆಜ್ಞೆ ಎಲ್ಲರ ಬಳಿಯೂ ಇದೆ. ‘ಈ ಒಪ್ಪಂದ ಆ ದೇಶದ ಕೃಷಿ ರಫ್ತನ್ನು ಹೆಚ್ಚಿಸಿತೇ’ ಎಂಬಷ್ಟೇ ಪ್ರಶ್ನೆಯ ಪ್ರಬಂಧವನ್ನು ಒಳ್ಳೆಯ ಪತ್ರಿಕೆ ಇವತ್ತು ಪರಿಶೀಲನೆಗೂ ಕಳಿಸುವುದು ಕಷ್ಟ. ನಿಮ್ಮದೇ ಆದ ನೀತಿ ದತ್ತಾಂಶ ಬೇಕು: ಗಡಿಯಲ್ಲಿ ತಿರಸ್ಕೃತವಾದ ಸರಕುಗಳ ದಾಖಲೆ, ಕೀಟನಾಶಕ ಉಳಿಕೆಯ ಮಿತಿಗಳು, ಕೋಟಾ ತುಂಬಿದ ಪ್ರಮಾಣ, ಕೈಯಾರೆ ಸಂಗ್ರಹಿಸಿದ ರಫ್ತು ನಿಷೇಧಗಳ ದಿನಾಂಕ. ಆ ಕಡತವೇ ನಿಮ್ಮ ಹೆಸರನ್ನು ನಿಲ್ಲಿಸುತ್ತದೆ.

ಸಿಜಿಇ: ನಿಧಾನ, ದುಬಾರಿ, ನೀತಿ ರೂಪಿಸುವವರಿಗೆ ಬೇಕಾದದ್ದು

‘ನಾಳೆ ಈ ಸುಂಕ ತೆಗೆದರೆ ಕೂಲಿ, ಭೂಮಿಯ ಬೆಲೆ, ಇತರ ವಲಯಗಳಿಗೆ ಏನಾಗುತ್ತದೆ?’ ಎಂದು ಸಚಿವಾಲಯ ಕೇಳಿದರೆ ಗ್ರಾವಿಟಿಯ ಒಂದು ಗುಣಾಂಕ ಸಾಲದು. ಈ ಪ್ರಶ್ನೆಗೆ ಸಿಜಿಇ. ಇದರ ಕೇಂದ್ರ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ಟೆಲ್ 1992ರಲ್ಲಿ ಸ್ಥಾಪಿಸಿದ ಜಾಗತಿಕ ವ್ಯಾಪಾರ ವಿಶ್ಲೇಷಣಾ ಯೋಜನೆ, ಅಂದರೆ ಜಿಟ್ಯಾಪ್. ಅದರ 11ನೇ ಆವೃತ್ತಿಯ ದತ್ತಾಂಶದಲ್ಲಿ 65 ವಲಯಗಳು, 160 ಪ್ರದೇಶಗಳು, ಇತ್ತೀಚಿನ ಆಧಾರ ವರ್ಷ 2017. ಹೊಸ ಆವೃತ್ತಿಗೆ ಹಣ ಕೊಡಬೇಕು, ಹಳೆಯವು ಉಚಿತ; ಕಲಿಯಲು ಹಳೆಯದೇ ಸಾಕು. ಓಡಿಸಲು ಜೆಂಪ್ಯಾಕ್ ಅಥವಾ ಗ್ಯಾಮ್ಸ್ ತಂತ್ರಾಂಶ. ಒಂದೇ ದೇಶದ ಮೇಲೆ ಕೆಲಸ ಮಾಡುವವರು ಸ್ಯಾಮ್ ಎಂದು ಕರೆಯುವ ಸಾಮಾಜಿಕ ಲೆಕ್ಕದ ಕೋಷ್ಟಕ ಹಿಡಿದು, ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ ಇಫ್ಪ್ರಿ 2002ರಲ್ಲಿ ಪ್ರಕಟಿಸಿದ ಮಾದರಿಯಿಂದ ಶುರು ಮಾಡಬಹುದು.

ಫಲಿತಾಂಶ ಬರುವುದಕ್ಕೆ ಮುಂಚೆ ಮೂರು ಪರೀಕ್ಷೆಗಳು ಆಗಲೇಬೇಕು. ಏನೂ ಬದಲಿಸದೆ ಓಡಿಸಿದರೆ ಮೂಲ ಅಂಕಿಗಳೇ ಮರಳಬೇಕು. ಉಳಿದೆಲ್ಲ ಬೆಲೆಗಳಿಗೆ ಅಳತೆಗೋಲಾಗಿಟ್ಟ ಆಧಾರ ಬೆಲೆಯನ್ನು 1 ಶೇಕಡಾ ಏರಿಸಿದರೆ ಎಲ್ಲ ಬೆಲೆಗಳೂ ಆದಾಯಗಳೂ ಸರಿಯಾಗಿ 1 ಶೇಕಡಾ ಏರಿ, ಎಲ್ಲ ಪ್ರಮಾಣಗಳೂ ಇದ್ದಲ್ಲೇ ಇರಬೇಕು. ಒಂದನ್ನು ಬಿಟ್ಟು ಉಳಿದೆಲ್ಲ ಮಾರುಕಟ್ಟೆಗಳು ಸಮತೋಲನದಲ್ಲಿದ್ದರೆ ಅದೂ ಇರಲೇಬೇಕು ಎಂಬ ವಾಲ್ರಸ್ ನಿಯಮದಂತೆ, ಬಿಟ್ಟ ಆ ಸಮೀಕರಣದ ಉಳಿಕೆ ಸೊನ್ನೆಯಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಎಲ್ಲೋ ಒಂದು ತೆರಿಗೆ ಯಾರ ಖಾತೆಗೂ ಹೋಗುತ್ತಿಲ್ಲ, ಇಲ್ಲವೇ ಎರಡು ಖಾತೆಗೆ ಹೋಗುತ್ತಿದೆ.

ಆಮೇಲೆ ಬರುವುದು ಯಾವುದನ್ನು ಸ್ಥಿರವಾಗಿಡುವುದು ಎಂಬ ಆಯ್ಕೆ. ಕೂಲಿಯನ್ನು ಬಿಟ್ಟು ಉದ್ಯೋಗವನ್ನು ಸ್ಥಿರವಾಗಿಟ್ಟರೆ ಒಂದು ಉತ್ತರ, ಕೂಲಿಯನ್ನು ಸ್ಥಿರವಾಗಿಟ್ಟು ಉದ್ಯೋಗವನ್ನು ಬಿಟ್ಟರೆ ಇನ್ನೊಂದು. ಎರಡನೆಯದರಲ್ಲಿ ಲಾಭ ಸಾಮಾನ್ಯವಾಗಿ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಕೆಲಸವಿಲ್ಲದವರಿಗೆಲ್ಲ ಕೆಲಸ ಕೊಟ್ಟಂತೆ ಮಾದರಿ ನಡೆದುಕೊಳ್ಳುತ್ತದೆ. ಒಂದೇ ವರದಿಯಲ್ಲಿ ಎರಡನ್ನೂ ತೋರಿಸದವರ ಫಲಿತಾಂಶವನ್ನು ನಂಬಬೇಡಿ.

ಕೃಷಿಯವರಿಗೆ ಇಲ್ಲಿ ಎರಡು ಮಿತಿಗಳು ನಿಜಕ್ಕೂ ಕಾಡುತ್ತವೆ. ಮೊದಲನೆಯದು ವಲಯಗಳ ಒರಟುತನ. ಜಿಟ್ಯಾಪ್‌ನ 65ರಲ್ಲಿ ಹೊಲ ಮತ್ತು ಕೊಟ್ಟಿಗೆಯ ವಲಯಗಳು 12: ಭತ್ತ, ಗೋಧಿ, ಇತರ ಧಾನ್ಯ, ತರಕಾರಿ-ಹಣ್ಣು, ಎಣ್ಣೆಬೀಜ, ಕಬ್ಬು-ಬೀಟ್, ನಾರಿನ ಬೆಳೆ, ಇತರ ಬೆಳೆಗಳು, ದನ-ಕುರಿ, ಇತರ ಪ್ರಾಣಿ ಉತ್ಪನ್ನ, ಹಸಿ ಹಾಲು, ಉಣ್ಣೆ-ರೇಷ್ಮೆ. ಸೇಬು, ಈರುಳ್ಳಿ, ಬಾಳೆ ಎಲ್ಲ ಒಂದೇ ವಲಯ. ಸೇಬಿಗೆ 50 ಶೇಕಡಾ ಸುಂಕವಿದ್ದು ಉಳಿದವಕ್ಕೆ ಇಲ್ಲದಿದ್ದರೆ ಮಾದರಿಗೆ ಕಾಣುವುದು ನಡುವಿನ ಒಂದು ಸಣ್ಣ ಅಂಕಿ. ಸುಂಕದ ನಷ್ಟ ಸುಂಕದ ವರ್ಗದಂತೆ (ಸುಂಕ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು) ಬೆಳೆಯುವುದರಿಂದ ಸರಾಸರಿ ಮಾಡಿದೊಡನೆ ಅದು ಕುಗ್ಗಿಬಿಡುತ್ತದೆ.

ಎರಡನೆಯದು ಸೊನ್ನೆಯ ಸಮಸ್ಯೆಯ ಇನ್ನೊಂದು ಮುಖ. 1969ರ ಆರ್ಮಿಂಗ್ಟನ್ ಊಹೆಯಂತೆ ಪ್ರತಿ ದೇಶದ ಸರಕೂ ಬೇರೆ ಬೇರೆ ಸರಕು, ಅದರ ಪಾಲು ಆಧಾರ ವರ್ಷದ ಅಂಕಿಯಿಂದ ಬರುತ್ತದೆ. ಆಧಾರ ವರ್ಷದಲ್ಲಿ ನಿಷೇಧದಿಂದಾಗಿ ಆಮದು ಸೊನ್ನೆಯಾಗಿದ್ದರೆ ಪಾಲು ಸೊನ್ನೆ. ನಿಷೇಧ ಪೂರ್ತಿ ತೆಗೆದರೂ ಮಾದರಿಯಲ್ಲಿ ಆಮದು ಸೊನ್ನೆಯೇ. ಅತ್ಯಂತ ಕಠಿಣ ನೀತಿಯನ್ನೇ ಈ ಮಾದರಿ ಕಾಣದು. ಇಂಥ ಪ್ರಶ್ನೆಗೆ ಮೊದಲು ಗ್ರಾವಿಟಿಯಿಂದ ಸಂಭವನೀಯ ವ್ಯಾಪಾರ ಅಂದಾಜು ಮಾಡಿ, ಅದನ್ನು ಸಿಜಿಇಗೆ ಕೊಡುವವರಿದ್ದಾರೆ. ಎರಡೂ ಬಲ್ಲವರಿಗೆ ಬೇಡಿಕೆ ಇರುವುದು ಇಂಥ ಕಡೆಗಳಲ್ಲೇ.

ಫಲಿತಾಂಶದ ಬಗ್ಗೆ ವಿನಯ ಬೇಕು. 2005ರಲ್ಲಿ ವಿಶ್ವಬ್ಯಾಂಕ್‌ನ ಅರ್ಥಶಾಸ್ತ್ರಜ್ಞರು ಸರಕು ವ್ಯಾಪಾರ ಪೂರ್ತಿ ಮುಕ್ತವಾದರೆ 2015ರ ಹೊತ್ತಿಗೆ ಜಗತ್ತಿಗೆ ವರ್ಷಕ್ಕೆ 28,700 ಕೋಟಿ ಡಾಲರ್ ಲಾಭ ಎಂದು ಅಂದಾಜಿಸಿದರು. ಅದಕ್ಕೂ ಸ್ವಲ್ಪ ಮೊದಲು ಓಡಾಡುತ್ತಿದ್ದ ಅಂಕಿಗಳು ಇದಕ್ಕಿಂತ ಎಷ್ಟೋ ದೊಡ್ಡವು. ಹೊಸ ದತ್ತಾಂಶದಲ್ಲಿ ಚೀನಾದ ಡಬ್ಲ್ಯುಟಿಒ ಸೇರ್ಪಡೆ, ರಿಯಾಯಿತಿ ಸುಂಕಗಳು ಲೆಕ್ಕಕ್ಕೆ ಬಂದಿದ್ದೇ ಇಳಿಕೆಗೆ ಒಂದು ಮುಖ್ಯ ಕಾರಣ.

ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದರೆ ವ್ಯಾಪಾರ ಎಷ್ಟು ಬದಲಾಗುತ್ತದೆ ಎಂಬ ಅಂಕಿಯ, ಆಯ್ಕೆಯೂ ಅಷ್ಟೇ ತೂಕದ್ದು. ಅರ್ಕೊಲಾಕಿಸ್, ಕೊಸ್ಟಿನೊ, ರೋಡ್ರಿಗೆಸ್-ಕ್ಲೇರ್ 2012ರಲ್ಲಿ ಕೊಟ್ಟ ಸೂತ್ರದಲ್ಲಿ ವ್ಯಾಪಾರದ ಲಾಭಕ್ಕೆ ಎರಡೇ ಅಂಕಿ ಸಾಕು: ಖರ್ಚಿನಲ್ಲಿ ಸ್ವದೇಶಿ ಸರಕಿನ ಪಾಲು, ವ್ಯಾಪಾರದ ಸ್ಥಿತಿಸ್ಥಾಪಕತ್ವ. ಪಾಲು 0.8 ಇರಲಿ. ಸ್ಥಿತಿಸ್ಥಾಪಕತ್ವ 4 ಎಂದರೆ ವ್ಯಾಪಾರ ನಿಂತುಹೋದರೆ ಆಗುವ ನಷ್ಟ ಸುಮಾರು 5.4 ಶೇಕಡಾ, 8 ಎಂದರೆ ಸುಮಾರು 2.75. ಅದೊಂದೇ ಅಂಕಿ ಉತ್ತರವನ್ನು ಅರ್ಧಕ್ಕಿಳಿಸಿತು. ಬೇರೆಯವರ ಕೋಷ್ಟಕದಿಂದ ತಂದ ಸ್ಥಿತಿಸ್ಥಾಪಕತ್ವದ ಮೇಲೆ ಇಡೀ ಪಿಎಚ್‌ಡಿ ನಿಲ್ಲಿಸುವವರು ಇದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ವೃತ್ತಿಯ ದೃಷ್ಟಿಯಿಂದ: ಸ್ವತಂತ್ರವಾಗಿ ಮಾದರಿ ತಿದ್ದುವಷ್ಟು ಹಿಡಿತ ಬರಲು ಎರಡು ವರ್ಷ ಇಟ್ಟುಕೊಳ್ಳಿ. ಹತ್ತಿರದಲ್ಲಿ ಬಲ್ಲವರಿಲ್ಲದೆ ಇದನ್ನು ಒಬ್ಬರೇ ಕಲಿಯುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಶುದ್ಧ ಅರ್ಥಶಾಸ್ತ್ರ ವಿಭಾಗಗಳಲ್ಲಿ ಸಾಂಪ್ರದಾಯಿಕ ಸಿಜಿಇಯನ್ನೇ ಮುಖ್ಯ ಪ್ರಬಂಧವಾಗಿಟ್ಟು ಹುದ್ದೆ ಪಡೆಯುವುದು ಕಷ್ಟ. ಅಲ್ಲಿ ನಿಯತಾಂಕಗಳನ್ನು ತಾನೇ ಅಂದಾಜು ಮಾಡುವ ಹೊಸ ಬಗೆಯ ಸಣ್ಣ ಮಾದರಿಗಳಿಗೆ ಒಲವು. ಕೊಸ್ಟಿನೊ, ಡೊನಾಲ್ಡ್‌ಸನ್, ಸ್ಮಿತ್ 2016ರಲ್ಲಿ ಜಗತ್ತಿನ 17 ಲಕ್ಷ ಜಮೀನು ತುಂಡುಗಳ ಇಳುವರಿ ಸಾಮರ್ಥ್ಯ ಹಿಡಿದು ಹವಾಮಾನ ಬದಲಾವಣೆಯ ಪರಿಣಾಮ ಲೆಕ್ಕ ಹಾಕಿದ ಪ್ರಬಂಧ ಈ ಬಗೆಯ ಒಳ್ಳೆಯ ಉದಾಹರಣೆ. ಆದರೆ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ, ಸರ್ಕಾರಿ ಸಂಶೋಧನಾ ಘಟಕಗಳಲ್ಲಿ, ಹಲವು ಕೃಷಿ ಅರ್ಥಶಾಸ್ತ್ರ ವಿಭಾಗಗಳಲ್ಲಿ ಸಿಜಿಇ ಬಲ್ಲವರಿಗೆ ಈಗಲೂ ಗಟ್ಟಿ ಬೇಡಿಕೆ.

ಒಂದೆರಡು ಸರಕಿನ ಮಾರುಕಟ್ಟೆಯನ್ನಷ್ಟೇ ವಿವರವಾಗಿ ಕಟ್ಟುವ ಭಾಗಶಃ ಸಮತೋಲನ ಮಾದರಿಯನ್ನು ಪ್ರತ್ಯೇಕ ದಾರಿಯಾಗಿ ಇಲ್ಲಿ ಎಣಿಸಿಲ್ಲ. ಮುಂದುವರಿದ ದೇಶಗಳ ಕೂಟ ಒಇಸಿಡಿ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಒಗಳ ಆಗ್ಲಿಂಕ್-ಕೊಸಿಮೊ ಈ ಬಗೆಯದು, ಅವರ ಹತ್ತು ವರ್ಷದ ಮುನ್ನೋಟ ಅದರ ಮೇಲೆ ನಿಂತಿದೆ. ಕೋಟಾ, ಹಂಗಾಮಿನ ಸುಂಕದಂಥ ವಿವರಗಳಿಗೆ ಇದೇ ಸೂಕ್ತ. ಸ್ಪ್ರೆಡ್‌ಶೀಟ್‌ನಲ್ಲೇ ಕಟ್ಟಬಹುದು; ಎಲ್ಲರೂ ಒಮ್ಮೆ ಕಟ್ಟಲೇಬೇಕು.

ಕುಟುಂಬ ಸಮೀಕ್ಷೆ: ವ್ಯಾಪಾರ ನೀತಿ ಮನೆ ಮುಟ್ಟುವ ಜಾಗ

ಆಂಗಸ್ ಡೀಟನ್ 1989ರಲ್ಲಿ ಥಾಯ್ಲೆಂಡಿನ ಅಕ್ಕಿ ಬೆಲೆಯ ಮೇಲೆ ಮಾಡಿದ ಲೆಕ್ಕ ಈಗಲೂ ಮೊದಲ ಮೆಟ್ಟಿಲು. ಒಂದು ಮನೆಯ ಒಟ್ಟು ಖರ್ಚು 100. ಧಾನ್ಯ ಮಾರಿ ಬಂದದ್ದು 12, ಕೊಂಡದ್ದು 20. ವ್ಯತ್ಯಾಸ ಋಣ 8, ಅನುಪಾತ ಋಣ 0.08. ಬೆಲೆ 10 ಶೇಕಡಾ ಏರಿದರೆ ಆ ಮನೆಗೆ ಸುಮಾರು 0.8 ಶೇಕಡಾ ನಷ್ಟ. ಜಮೀನಿದ್ದೂ ಧಾನ್ಯ ಕೊಳ್ಳುವ ಮನೆಗಳು ಎಷ್ಟು ಎಂಬುದು ಇದರಿಂದ ಕಣ್ಣಿಗೆ ಬೀಳುತ್ತದೆ, ‘ಬೆಲೆ ಏರಿದರೆ ರೈತರಿಗೆ ಒಳ್ಳೆಯದು’ ಎಂಬ ಒಂದೇ ಮಾತಿಗೆ ಅಲ್ಲಿ ಜಾಗ ಉಳಿಯದು.

ತಪ್ಪುವುದು ಎಲ್ಲಿ? ಅದೇ ಮನೆ ಕೊಯ್ಲಿನಲ್ಲಿ ಅಗ್ಗಕ್ಕೆ ಮಾರಿ ಮುಗ್ಗಟ್ಟಿನ ತಿಂಗಳುಗಳಲ್ಲಿ ತುಟ್ಟಿಗೆ ಕೊಂಡಿರುತ್ತದೆ. ಸಮೀಕ್ಷೆ ಯಾವ ತಿಂಗಳು ಬಂತು ಎನ್ನುವುದರ ಮೇಲೆ ಅನುಪಾತ ಬದಲಾಗುತ್ತದೆ. ಖರ್ಚನ್ನು ಪ್ರಮಾಣದಿಂದ ಭಾಗಿಸಿ ಪಡೆದದ್ದು ಬೆಲೆಯಲ್ಲ, ಅದರಲ್ಲಿ ಗುಣಮಟ್ಟವೂ ಬೆರೆತಿದೆ. ಗಡಿಯಲ್ಲಿ 10 ಶೇಕಡಾ ಇಳಿದದ್ದು ಹಳ್ಳಿಗೆ ಮುಟ್ಟುವಾಗ 3 ಇರಬಹುದು, ಏನೂ ಇಲ್ಲದಿರಬಹುದು. ಕೂಲಿ ಬದಲಾಗುವುದನ್ನು ಬಿಟ್ಟರೆ ಜಮೀನಿಲ್ಲದವರ ಮೇಲಿನ ಪರಿಣಾಮವೇ ಕಾಣದು.

ಪ್ರದೇಶಗಳ ನಡುವಿನ ವ್ಯತ್ಯಾಸ ಬಳಸುವ ಇನ್ನೊಂದು ಶಾಖೆಯಿದೆ: ಸುಂಕ ಇಳಿದ ಉದ್ಯಮಗಳಲ್ಲಿ ಎಲ್ಲಿ ಹೆಚ್ಚು ಜನ ದುಡಿಯುತ್ತಿದ್ದರೋ ಅಲ್ಲಿ ಏನಾಯಿತು ಎಂದು ನೋಡುವುದು. ಭಾರತದ 1991ರ ಸುಧಾರಣೆಯ ಮೇಲೆ ಪೆಟಿಯಾ ಟೊಪಲೋವಾ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಪ್ರಸಿದ್ಧ. ಕೃಷಿಯವರು ಅದರಲ್ಲಿ ಗಮನಿಸಬೇಕಾದ ಒಂದು ವಿವರ, ಆಗ ಧಾನ್ಯ ಮತ್ತು ಎಣ್ಣೆಬೀಜಗಳ ಆಮದು ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗುತ್ತಿತ್ತು, ಆದ್ದರಿಂದ ಕಾಗದದ ಮೇಲಿನ ಸುಂಕ ಏನನ್ನೂ ಹೇಳುತ್ತಿರಲಿಲ್ಲ. ಈ ವಿಧಾನದಲ್ಲಿ ಒಂದೇ ಬೆಳೆಯನ್ನು ನೆಚ್ಚಿದ ದೂರದ ಜಿಲ್ಲೆಗಳ ದೋಷಗಳೂ ಪರಸ್ಪರ ಅಂಟಿಕೊಂಡಿರುವುದರಿಂದ ಮಾಮೂಲಿ ದೋಷದ ಅಂದಾಜು ತೀರಾ ಸಣ್ಣದಾಗುತ್ತದೆ ಎಂದು ಅದಾವ್, ಕೊಲೆಸಾರ್, ಮೊರಾಲೆಸ್ 2019ರಲ್ಲಿ ತೋರಿಸಿದ್ದಾರೆ. ಅವರ ತಿದ್ದುಪಡಿ ಇಲ್ಲದ ಪ್ರಬಂಧ ಈಗ ಮರಳಿ ಬರುತ್ತದೆ.

ಅರ್ಥಶಾಸ್ತ್ರ ವಿಭಾಗಗಳೂ ಕೃಷಿ ಅರ್ಥಶಾಸ್ತ್ರ ವಿಭಾಗಗಳೂ ಒಂದೇ ರೀತಿ ಗೌರವಿಸುವ ದಾರಿ ಇದು. ವಿಶ್ವಬ್ಯಾಂಕ್‌ನ ಜೀವನಮಟ್ಟದ ಎಲ್‌ಎಸ್‌ಎಂಎಸ್ ಸಮೀಕ್ಷೆಗಳು ಉಚಿತ. ಅದರ ಕೃಷಿ ವಿಸ್ತರಣೆ ಆಫ್ರಿಕಾದ ಎಂಟು ದೇಶಗಳಲ್ಲಿ ನಡೆದಿದೆ. ಭಾಷೆ, ಬೆಳೆ, ಮಾರುಕಟ್ಟೆ ಬಲ್ಲ ಪ್ರದೇಶದ ದತ್ತಾಂಶ ಹಿಡಿದವರಿಗೆ ಇಲ್ಲಿ ಸಹಜ ಅನುಕೂಲ.

ನಿಯಮದ ದಾರಿ: ಜನ ಕಡಿಮೆ, ಪ್ರಶ್ನೆ ಬಹಳ

ಒಂದು ಲೆಕ್ಕದಿಂದಲೇ ಇದರ ಸ್ವರೂಪ ತಿಳಿಯುತ್ತದೆ. ಡಬ್ಲ್ಯುಟಿಒ ಲೆಕ್ಕದಲ್ಲಿ ಬೆಂಬಲ ಬೆಲೆಯ ಸಬ್ಸಿಡಿ ಎಂದರೆ ಘೋಷಿತ ಬೆಲೆಯಿಂದ 1986–88ರ ಸ್ಥಿರ ಆಧಾರ ಬೆಲೆ ಕಳೆದು, ಅರ್ಹ ಉತ್ಪಾದನೆಯಿಂದ ಗುಣಿಸಿದ್ದು. ಘೋಷಿತ ಬೆಲೆ ಟನ್‌ಗೆ 250 ಡಾಲರ್, ಆಧಾರ ಬೆಲೆ 100, ಉತ್ಪಾದನೆ 10 ಲಕ್ಷ ಟನ್ ಇರಲಿ. ಬೆಂಬಲ 15 ಕೋಟಿ ಡಾಲರ್. ಉತ್ಪಾದನೆಯ ಮೌಲ್ಯ 25 ಕೋಟಿ ಎಂದರೆ, ಅಭಿವೃದ್ಧಿಶೀಲ ದೇಶಕ್ಕೆ ಸಾಮಾನ್ಯವಾಗಿ ಸಿಗುವ 10 ಶೇಕಡಾ ವಿನಾಯಿತಿ 2.5 ಕೋಟಿ. ದೇಶ ಮಿತಿ ಮೀರಿತು. ಇಂದಿನ ಗಡಿ ಬೆಲೆ 240 ಇದ್ದು, ರೈತರ ಕೈಸೇರುವ ಬೆಲೆಯೂ 250 ಇದ್ದರೆ, ಒಇಸಿಡಿ ವಿಧಾನದಲ್ಲಿ ಅದೇ ಬೆಂಬಲ 1 ಕೋಟಿ. ರೈತರಿಗೆ ಸಿಕ್ಕದ್ದು ಒಂದೇ, ಕಾನೂನಿಗೆ ಕಾಣುವುದು ಹದಿನೈದು ಪಟ್ಟು.

ಅರ್ಹ ಉತ್ಪಾದನೆ ಎಂದರೆ ಇಡೀ ಬೆಳೆಯೋ, ಸರ್ಕಾರ ಕೊಂಡಷ್ಟೋ? ಕೊರಿಯಾದ ದನದ ಮಾಂಸದ ವ್ಯಾಜ್ಯದಲ್ಲಿ 2000ರಲ್ಲಿ ಡಬ್ಲ್ಯುಟಿಒ ಮೇಲ್ಮನವಿ ಮಂಡಳಿ ಹೇಳಿದ್ದು, ಕೊಳ್ಳಲು ಅರ್ಹವಾದದ್ದೆಲ್ಲ, ನಿಜಕ್ಕೂ ಕೊಂಡಿರಲಿ ಬಿಡಲಿ. ಹಾಗಾದರೆ ಖರೀದಿಯ ಮಿತಿಯನ್ನು ಮೊದಲೇ ಪ್ರಕಟಿಸುವ ಸರ್ಕಾರಕ್ಕೂ ಪ್ರಕಟಿಸದ ಸರ್ಕಾರಕ್ಕೂ ಒಂದೇ ಖರ್ಚಿನಲ್ಲಿ ಬೇರೆ ಬೇರೆ ಉತ್ತರ. ಅತಿಯಾದ ಹಣದುಬ್ಬರವನ್ನು ಪರಿಗಣಿಸಲು ಕೃಷಿ ಒಪ್ಪಂದದ 18ನೇ ವಿಧಿಯ 4ನೇ ಖಂಡ ಅವಕಾಶ ಕೊಡುತ್ತದೆ, ಹೇಗೆ ಎಂದು ಹೇಳುವುದಿಲ್ಲ. ಇಂಥ ಪ್ರತಿಯೊಂದೂ ಒಂದೊಂದು ಪ್ರಬಂಧ.

ಅಡಚಣೆಗಳೂ ಸ್ಪಷ್ಟ. ದೇಶಗಳು ಅಧಿಸೂಚನೆಗಳನ್ನು ವರ್ಷಗಟ್ಟಲೆ ತಡವಾಗಿ ಕೊಡುತ್ತವೆ. ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ, ಆದ್ದರಿಂದ ಹಲವು ತೀರ್ಪುಗಳು ಮೇಲ್ಮನವಿಯಲ್ಲಿ ತೂಗಾಡುತ್ತಿವೆ. ಈ ಬಗೆಯ ಕೆಲಸಕ್ಕೆ ಕೃಷಿ ಅರ್ಥಶಾಸ್ತ್ರದ ದೊಡ್ಡ ಪತ್ರಿಕೆಗಳಲ್ಲಿ ಜಾಗ ಕಡಿಮೆ; ವರ್ಲ್ಡ್ ಟ್ರೇಡ್ ರಿವ್ಯೂ, ಫುಡ್ ಪಾಲಿಸಿ ಹೆಚ್ಚು ಸೂಕ್ತ. ಇದೊಂದನ್ನೇ ಹಿಡಿದು ಬೋಧಕ ಹುದ್ದೆ ಪಡೆಯುವುದು ಕಷ್ಟ. ಮೇಲಿನ ಮೂರರಲ್ಲಿ ಒಂದರ ಜೊತೆಗೆ ಎರಡನೇ ಬಲವಾಗಿ ಇದನ್ನು ಬೆಳೆಸಿಕೊಂಡವರು ಬಹಳ ದೂರ ಹೋಗುತ್ತಾರೆ, ಏಕೆಂದರೆ ಎರಡನ್ನೂ ಬಲ್ಲವರು ಬೆರಳೆಣಿಕೆಯಷ್ಟು.

ಆರಿಸುವ ಮುನ್ನ ಮಾಡಿ ನೋಡಿ

ಪಿಎಚ್‌ಡಿ ಪ್ರಸ್ತಾವ ಬರೆಯುವುದಕ್ಕೆ ಮೊದಲು ಎಂಟು ವಾರ ಇದಕ್ಕಿಡಿ. ಒಂದು ಸರಕು, ಒಂದು ನೀತಿ ಆರಿಸಿ. ಮೊದಲ ಎರಡು ವಾರ ಆ ಸರಕಿನ ಸುಂಕದ ಸಾಲು, ಕೋಟಾ, ಅಧಿಸೂಚನೆಗಳನ್ನು ಮೂಲದಲ್ಲೇ ಓದಿ ಎರಡು ಪುಟ ಬರೆಯಿರಿ. ಮುಂದಿನ ಎರಡು ವಾರ ಬಾಸಿ ಕಡತ ಇಳಿಸಿ ಒಂದು ಪಿಪಿಎಂಎಲ್ ಅಂದಾಜು. ಆಮೇಲೆ ಎರಡು ವಾರ ಸ್ಪ್ರೆಡ್‌ಶೀಟ್‌ನಲ್ಲಿ ಎರಡು ದೇಶಗಳ ಭಾಗಶಃ ಸಮತೋಲನ. ಕೊನೆಯ ಎರಡು ವಾರ ಯಾವುದಾದರೂ ಉಚಿತ ಸಮೀಕ್ಷೆಯಿಂದ ಡೀಟನ್ ಅನುಪಾತ. ಫಲಿತಾಂಶ ಚೆನ್ನಾಗಿರಬೇಕಿಲ್ಲ. ಯಾವ ಎರಡು ವಾರಗಳಲ್ಲಿ ತಪ್ಪು ಹುಡುಕುತ್ತ ಕೂರುವುದು ನಿಮಗೆ ಬೇಸರ ತರಲಿಲ್ಲ ಎಂಬುದನ್ನು ಗಮನಿಸಿ. ಈ ವೃತ್ತಿಯ ಬಹುಪಾಲು ಸಮಯ ಕಳೆಯುವುದು ಹಾಗೆಯೇ.

ಮಾರ್ಗದರ್ಶಕರನ್ನು ಭೇಟಿಯಾದಾಗ ನೇರವಾಗಿ ಕೇಳಬೇಕಾದವು: ಕಳೆದ ಐದು ವರ್ಷಗಳಲ್ಲಿ ಅವರ ವಿದ್ಯಾರ್ಥಿಗಳು ಎಲ್ಲಿ ಕೆಲಸಕ್ಕೆ ಸೇರಿದರು? ಜಿಟ್ಯಾಪ್ ದತ್ತಾಂಶ, ಗ್ಯಾಮ್ಸ್ ಪರವಾನಗಿ ವಿಭಾಗದಲ್ಲಿದೆಯೇ, ಅದನ್ನು ಈಗ ಓಡಿಸುವವರು ಯಾರು? ಪ್ರಬಂಧದ ಕೋಡ್ ಅನ್ನು ಮಾರ್ಗದರ್ಶಕರು ತಾವೇ ತೆರೆದು ನೋಡುತ್ತಾರೆಯೇ? ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಅಮೆರಿಕನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಎಕನಾಮಿಕ್ಸ್‌ನಂಥ ಪತ್ರಿಕೆಗಳು ದತ್ತಾಂಶ ಮತ್ತು ಕೋಡ್ ಎರಡನ್ನೂ ಕೇಳುತ್ತವೆ. ಕಚ್ಚಾ ಕಡತದಿಂದ ಕೊನೆಯ ಕೋಷ್ಟಕದವರೆಗೆ ಒಂದೇ ಆಜ್ಞೆಯಲ್ಲಿ ಎಲ್ಲವೂ ಓಡುವಂತೆ ಮೊದಲ ದಿನದಿಂದಲೇ ಕಡತಗಳನ್ನು ಜೋಡಿಸದಿದ್ದರೆ, ಪ್ರಬಂಧ ಒಪ್ಪಿಗೆಯಾದ ಮೇಲೆ ತಿಂಗಳುಗಟ್ಟಲೆ ಅದಕ್ಕೇ ಹೋಗುತ್ತದೆ.

ಇನ್ನು ಯಾವ ಪ್ರಬಂಧ ಎಲ್ಲಿ ಎಣಿಕೆಗೆ ಬರುತ್ತದೆ ಎಂಬುದನ್ನು ಹುದ್ದೆಗೆ ಅರ್ಜಿ ಹಾಕುವ ವರ್ಷ ತಿಳಿದುಕೊಂಡರೆ ತಡವಾಯಿತು. ಸೇರಬಯಸುವ ಮೂರು ವಿಭಾಗಗಳನ್ನು ಈಗಲೇ ಗುರುತಿಸಿ, ಅಲ್ಲಿ ಇತ್ತೀಚೆಗೆ ಸೇರಿದ ಸಹಾಯಕ ಪ್ರಾಧ್ಯಾಪಕರ ಪ್ರಕಟಣೆಗಳ ಪಟ್ಟಿ ನೋಡಿ. ಹಲವರ ಕರಡುಗಳು ಮಿನೆಸೋಟ ವಿಶ್ವವಿದ್ಯಾಲಯದ ಆಗ್‌ಇಕಾನ್ ಸರ್ಚ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕರಡನ್ನೂ ಅಚ್ಚಾದದ್ದನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಪರಿಶೀಲಕರು ಏನು ಕೇಳಿದರು, ಯಾವ ಕೋಷ್ಟಕ ಬಿದ್ದುಹೋಯಿತು, ಯಾವ ಪರೀಕ್ಷೆ ಸೇರಿತು ಎಂಬುದು ಸಾಲು ಸಾಲಾಗಿ ಗೊತ್ತಾಗುತ್ತದೆ.